ಹಿಡಿಯುವವನು

ಮಗುವಿನ ಉಗುರು ಕತ್ತರಿಸಲು ಕೂತಾಗ ಅವನ ಕೈ ತಾನಾಗಿಯೇ ಡ್ಯೂಟಿಗೆ ಹೋಗಿಬಿಟ್ಟಿತ್ತು. ಎರಡು ವರ್ಷದ ಕೂಸು, ಎಡಗೈಯ ಉಗುರು ಮುಗಿಯುವ ತನಕ ತೊಡೆಯ ಮೇಲೆ ಕೂತು ತನಗಷ್ಟೇ ಗೊತ್ತಿರುವ ಭಾಷೆಯಲ್ಲಿ ಏನೋ ಗುನುಗುತ್ತಿತ್ತು. ಬಲಗೈಗೆ ಬಂದಾಗ ಬೇಡವೆಂದು ಎಳೆದುಕೊಂಡಿತು. ಅಷ್ಟೇ ಆದದ್ದು. ಮುಂದಿನ ಕ್ಷಣ ನೋಡಿದರೆ ಕೂಸು ಚಾಪೆಯ ಮೇಲೆ ಅಂಗಾತ ಬಿದ್ದಿದೆ, ಅವನ ಮೊಣಕೈ ಅದರ ಎದೆಗೆ ಅಡ್ಡವಾಗಿದೆ, ಎರಡು ಪುಟ್ಟ ಕಾಲುಗಳು ಅವನ ಒಂದೇ ಮೊಣಕಾಲಿನಡಿ ಸಿಕ್ಕಿಕೊಂಡಿವೆ, ಮಣಿಕಟ್ಟು ಅವನ ಹೆಬ್ಬೆರಳು ತೋರುಬೆರಳಿನ ಬಳೆಯೊಳಗೆ ಅಲುಗದೆ ನಿಂತಿದೆ. ಅದೂ ಎಷ್ಟು ಅಚ್ಚುಕಟ್ಟಾಗಿ. ಎಲ್ಲೂ ನೋವಾಗದಂತೆ, ಎಲ್ಲೂ ತಪ್ಪಿಸಿಕೊಳ್ಳಲಾಗದಂತೆ. ಕೂಸು ಅಳಲಿಲ್ಲ. ಒಂದು ಸಲ ಅಪ್ಪನ ಮುಖ ನೋಡಿತು, ಆಮೇಲೆ ಚಾವಣಿಯ ಕಡೆ ಕಣ್ಣು ನೆಟ್ಟು, ಮೈ ಸಡಿಲಬಿಟ್ಟು ಸುಮ್ಮನಾಯಿತು. ಒಲೆಯ ಮುಂದಿದ್ದ ಹೆಂಡತಿ ಬಂದು ಕೂಸನ್ನು ಎತ್ತಿಕೊಂಡಳು. ಬೈದಿದ್ದರೆ ಜಗಳವಾಡಿ ಮುಗಿಸಬಹುದಿತ್ತು, ಅವಳು ಬೈಯಲಿಲ್ಲ. "ಇದು ಮನೆ ಕಣ್ರೀ" ಎಂದಳು, ದಾರಿ ತಪ್ಪಿ ಬಂದವನಿಗೆ ವಿಳಾಸ ಹೇಳುವ ಹಾಗೆ. ಅವನು ನೇಲ್‌ಕಟರನ್ನು ಜೇಬಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದ. ಬಾಗಿಲಲ್ಲಿ ನಿಂತು ಟಾಟಾ ಎಂದರೆ ಕೂಸು ಅಮ್ಮನ ಕುತ್ತಿಗೆಯಲ್ಲಿ ಮುಖ ಹುದುಗಿಸಿತು.

ಸೈಕಲ್ಲು ತುಳಿಯುತ್ತಾ ಅವನು ಹ್ಯಾಂಡಲ್ ಮೇಲಿನ ತನ್ನ ಕೈಗಳನ್ನು ಬೇರೆ ಯಾರವೋ ಎಂಬಂತೆ ನೋಡಿದ. ಅಗಲ ಅಂಗೈ, ಗಿಡ್ಡ ಬೆರಳು. ವಾರ್ಡಿನಲ್ಲಿ ಅವನನ್ನು ಇಕ್ಕಳ ಎನ್ನುತ್ತಿದ್ದರು. ಸೇರಿದ ಹೊಸದರಲ್ಲಿ ಯಾರೋ ಮೆಚ್ಚುಗೆಗೆ ಇಟ್ಟ ಹೆಸರು, ಅವನೂ ಮೆಚ್ಚುಗೆಯೆಂದೇ ಹೊತ್ತುಕೊಂಡಿದ್ದ. ಓದಿದ್ದು ನರ್ಸಿಂಗು, ಸೂಜಿ ಹಾಕಲೂ ಚೆನ್ನಾಗಿಯೇ ಬರುತ್ತದೆ, ಆದರೆ ಮಕ್ಕಳ ವಾರ್ಡಿನಲ್ಲಿ ಅವನ ಕೈಗೆ ಸೂಜಿ ಬಂದದ್ದೇ ಅಪರೂಪ. ಆ ಕೈ ಇನ್ನೊಂದಕ್ಕೆ ಬೇಕಿತ್ತು. ಡ್ರಿಪ್ ಹಾಕಬೇಕೆಂದರೆ ಅಮ್ಮನನ್ನು ಹೊರಗೆ ಕಳಿಸಿ ಬಾಗಿಲ ಚಿಲಕ ಹಾಕುವುದು, ಮಗುವನ್ನು ಮೇಜಿನ ಮೇಲೆ ಮಲಗಿಸುವುದು, ದುಪ್ಪಟಿಯಲ್ಲಿ ಕೈಕಾಲು ಸೇರಿಸಿ ಸುತ್ತುವುದು. ಇದಕ್ಕೆ ಅವರೆಲ್ಲ ಇಟ್ಟ ಹೆಸರು ಪೊಟ್ಟಣ ಕಟ್ಟುವುದು. ಬೇರೆಯವರು ಕಟ್ಟಿದ ಪೊಟ್ಟಣ ಬಿಚ್ಚಿಕೊಳ್ಳುತ್ತಿತ್ತು; ಅವನದು ಬಿಚ್ಚುತ್ತಿರಲಿಲ್ಲ. ಬೇಕಾದ ಒಂದು ಕೈ ಮಾತ್ರ ಹೊರಗೆ, ಮಿಕ್ಕ ಮಗುವೆಲ್ಲ ಒಳಗೆ. ಕಾರಿಡಾರಿನಲ್ಲಿ ಅವನು ನಡೆದರೆ ಮಕ್ಕಳು ಮಂಚದ ಕೆಳಗೆ ನುಗ್ಗುತ್ತಿದ್ದವು. ಊಟ ಬೇಡವೆಂದು ಹಟ ಮಾಡುತ್ತಿದ್ದ ಹುಡುಗನಿಗೆ ಒಬ್ಬ ತಾಯಿ ಮೊನ್ನೆ ಅವನೆದುರಿಗೇ ಹೇಳಿದ್ದಳು, ತಿನ್ನದಿದ್ದರೆ ಅಗೋ ಆ ಅಣ್ಣನನ್ನು ಕರೆಯುತ್ತೇನೆ ಎಂದು. ಹುಡುಗ ತಿಂದ. ಗಂಟಲಲ್ಲಿ ಇಳಿಯದಿದ್ದರೂ ತಿಂದ. ತಾಯಿ ಇಕ್ಕಳನ ಕಡೆ ನೋಡಿ ನಕ್ಕಳು, ಉಪಕಾರವಾಯಿತು ಎಂಬಂತೆ. ಅವನೂ ನಕ್ಕ. ಆ ನಗುವನ್ನು ನೆನೆದು ಈಗ ಪೆಡಲನ್ನು ಜಜ್ಜುವ ಹಾಗೆ ತುಳಿದ.

ಇದೆಲ್ಲ ಪುರಾವೆಯಿಂದ ಶುರುವಾದದ್ದು. ಪುರಾವೆ ಎಂದರೆ ವಾರ್ಡಿನ ಕಿರಿಯ ಸಿಸ್ಟರು. ಅವಳ ನಿಜವಾದ ಹೆಸರು ಹಾಜರಿಗೆ ಮಾತ್ರ. ಏನು ಹೇಳಿದರೂ ಅದಕ್ಕೆ ಪುರಾವೆ ಏನು ಎಂದು ಕೇಳುತ್ತಾಳೆಂದು ಆ ಅಡ್ಡಹೆಸರು. ಬೆಳಿಗ್ಗೆ ಆಪರೇಷನ್ನಿಗೆ ಹೋಗುವ ಮಕ್ಕಳನ್ನು ಹಿಂದಿನ ರಾತ್ರಿಯಿಂದಲೇ ಒಂದು ಗುಟುಕು ನೀರೂ ಕೊಡದೆ ಕೂರಿಸುತ್ತಿದ್ದದ್ದನ್ನು ನಿಲ್ಲಿಸಿದ್ದು ಅವಳೇ. ಅಷ್ಟು ಹೊತ್ತು ಬಾಯಿ ಒಣಗಿಸಬೇಕಿಲ್ಲ ಎಂದು ಎಲ್ಲೆಲ್ಲಿಯ ಆಸ್ಪತ್ರೆಗಳಲ್ಲೋ ನೋಡಿ ಬರೆದದ್ದನ್ನು ತಂದು ಡಾಕ್ಟರ ಮುಂದೆ ಇಟ್ಟಿದ್ದಳು. ಗುರುವಾರ ಊಟದ ಹೊತ್ತಿನಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಡಬ್ಬಿಗಳ ನಡುವೆ ಕೂತು ಒಂದು ಸಂಶೋಧನೆಯನ್ನು ಓದಿ ಹೇಳುವುದು ಅವಳ ಚಾಳಿ. ಕೇಳುವವರು ಹಪ್ಪಳ ಮುರಿಯುತ್ತಾ ಕೇಳುತ್ತಿದ್ದರು. ಆ ಗುರುವಾರ ಅವಳು ಹೇಳಿದ್ದು ಹಿಡಿಯುವ ವಿಷಯ. ಮಲಗಿಸಿ ಹಿಡಿದ ಮಕ್ಕಳಿಗಿಂತ ಅಮ್ಮನ ತೊಡೆಯ ಮೇಲೆ ನೆಟ್ಟಗೆ ಕೂತ ಮಕ್ಕಳು ಕಡಿಮೆ ಹೆದರುತ್ತಾರಂತೆ. ಹಾಗೆಂದು ಸೂಜಿ ತಪ್ಪುವುದೇನೂ ಹೆಚ್ಚಾಗುವುದಿಲ್ಲವಂತೆ. ಮೊದಲೇ ಮರಗಟ್ಟಿಸುವ ಕ್ರೀಮು ಹಚ್ಚಿದರೆ ಇನ್ನೂ ಒಳ್ಳೆಯದಂತೆ. ಒಂದೊಂದು 'ಅಂತೆ'ಗೂ ಅವನಿಗೆ ಕಿವಿ ಕಾಯುತ್ತಾ ಹೋಯಿತು. ಕೊನೆಗೆ, ಹಾಗಾದರೆ ನಾನು ಇರೋದು ಯಾಕೆ ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ಅವನು ತಮಾಷೆಗೆ ಕೇಳಿರಲಿಲ್ಲ.

ನಗದೆ ಇದ್ದವಳು ಪುರಾವೆ ಒಬ್ಬಳೇ. ಆ ಕಾಗದಗಳನ್ನು ಅವನಿಗೆ ಕೊಟ್ಟಳು, ನೀವೇ ಓದಿ ತಪ್ಪು ಹುಡುಕಿ ಎಂದಳು. ತಪ್ಪು ಹುಡುಕಲಿಕ್ಕೆಂದೇ ಅವನು ಓದಿದ. ಕಾಲೇಜು ಮುಗಿದ ಮೇಲೆ ಅಷ್ಟು ಉದ್ದದ ಇಂಗ್ಲಿಷನ್ನು ಮುಟ್ಟಿರಲಿಲ್ಲ, ಮೊಬೈಲಿನಲ್ಲಿ ಶಬ್ದ ಹುಡುಕುತ್ತಾ, ಬರೆದವರ ಮನೆ ಹಾಳಾಗಲಿ ಎಂದು ಬೈಯುತ್ತಾ ಓದಿದ. ತಪ್ಪು ಸಿಗಲಿಲ್ಲ. ಸಿಕ್ಕಿದ್ದು ಒಂದು ಸಾಲು: ಹಿಡಿದಿಟ್ಟ ಮಗು ನಡುವೆ ಅಳು ನಿಲ್ಲಿಸಿದರೆ ಅದು ಸಮಾಧಾನವಾಯಿತೆಂದು ತಿಳಿಯಬಾರದು, ಯಾರೂ ಬರುವುದಿಲ್ಲವೆಂದು ಗೊತ್ತಾಗಿ ಕೈಬಿಟ್ಟಿರಬಹುದು. ಅವನು ಮೊಬೈಲು ಕೆಳಗಿಟ್ಟ. ತನ್ನ ಹೆಮ್ಮೆಯೆಲ್ಲ ಅದೊಂದರ ಮೇಲೆ ನಿಂತಿತ್ತು. ಇಕ್ಕಳ ಹಿಡಿದರೆ ಮಕ್ಕಳು ಬೇಗ ಸುಮ್ಮನಾಗುತ್ತವೆ, ಅವನ ಕೈಗುಣ ಹಾಗೆ ಎಂದು ವಾರ್ಡಿಗೆ ವಾರ್ಡೇ ಹೇಳುತ್ತಿತ್ತು. ಅವನು ಹೆಂಡತಿಗೆ ಹೇಳಿಕೊಂಡಿದ್ದ. ಮದುವೆಗೆ ಮುಂಚೆ ಹೆಣ್ಣು ನೋಡಲು ಹೋದಾಗ ಅವಳ ತಂದೆಗೂ ಹೇಳಿಕೊಂಡಿದ್ದ.

ಈ ಹೊತ್ತಿನ ಸಂಗತಿ ಕಿಟಕಿ ಪಕ್ಕದ ಮಂಚದ ಹುಡುಗಿಯದು. ಐದು ವರ್ಷ. ಮೊಣಕಾಲ ಕೆಳಗಿನ ಮೂಳೆಗೆ ಸೋಂಕು ಹತ್ತಿ, ವಾರಗಟ್ಟಲೆ ನರಕ್ಕೆ ಔಷಧಿ ಹೋಗಬೇಕು; ಹಾಕಿದ ಸೂಜಿ ನಾಲ್ಕು ದಿನಕ್ಕೆ ಊದಿಕೊಂಡು ಕೆಡುತ್ತದೆ, ಮತ್ತೆ ಹೊಸದು. ಬಂದ ಮೊದಲ ದಿನ ಅವಳು ಒದ್ದ ಒದೆತಕ್ಕೆ ಟ್ರೇ ಹಾರಿಹೋಗಿ ಗೋಡೆಗೆ ಬಡಿದಿತ್ತು. ಅವನು ಪೊಟ್ಟಣ ಕಟ್ಟಿದ. ಎರಡನೆಯ ಸಲವೂ ಕಟ್ಟಿದ, ಮೂರನೆಯ ಸಲವೂ. ಈಗ ಕಟ್ಟಬೇಕಾಗಿಯೇ ಇರಲಿಲ್ಲ. ಅಮ್ಮನನ್ನು ಹೊರಗೆ ಕಳಿಸಿದ ಕೂಡಲೇ ಅವಳೇ ಮೇಜಿನ ಮೇಲೆ ಅಂಗಾತ ಮಲಗಿ, ಕೈ ಚಾಚಿ, ಚಾವಣಿ ನೋಡುತ್ತಿದ್ದಳು. ಎಲ್ಲರೂ ಜಾಣಮರಿ ಎಂದರು, ಅದೇ ಹೆಸರಾಯಿತು. ಬೇರೆ ಮಕ್ಕಳಿಗೆ ತೋರಿಸಿ, ನೋಡು ಆ ಅಕ್ಕ ಹೇಗೆ ಅಳೋದೇ ಇಲ್ಲ ಎಂದರು. ಜಾಣಮರಿ ಅಳುವುದಷ್ಟೇ ಅಲ್ಲ, ಮಾತನ್ನೂ ಬಿಟ್ಟಿದ್ದಳು. ಊಟದ ತಟ್ಟೆ ಇಟ್ಟ ಹಾಗೇ ಹೋಗುತ್ತಿತ್ತು. ಸೋಂಕಿನ ಜ್ವರ ಇಳಿದಿತ್ತು, ಮೂಳೆ ವಾಸಿಯಾಗುತ್ತಿತ್ತು, ಹುಡುಗಿ ಮಾತ್ರ ದಿನಕ್ಕಿಷ್ಟು ಎಂದು ಆರಿಹೋಗುತ್ತಿದ್ದಳು. ಡಾಕ್ಟರು ರಕ್ತ ಪರೀಕ್ಷೆ ಬರೆದರು. ರಕ್ತ ತೆಗೆಯಲು ಮತ್ತೆ ಇಕ್ಕಳನನ್ನು ಕರೆದರು.

ವಾರ್ಡಿನ ಹಿರಿಯ ಸಿಸ್ಟರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಕತ್ತಲಲ್ಲಿ ಮುಟ್ಟಿ ನರ ಹುಡುಕುವ ಹೆಂಗಸು, ಒಂದೇ ಚುಚ್ಚಿಗೆ ಹೆಸರಾದವಳು, ಯಾವ ಮಗುವಿಗೂ ವಿನಾಕಾರಣ ನೋವು ಕೊಟ್ಟವಳಲ್ಲ. ಪುರಾವೆ ಹೋಗಿ ಕೇಳಿದಾಗ ದೊಡ್ಡಕ್ಕ ಸಿಟ್ಟಾಗಲಿಲ್ಲ, ಒಂದೊಂದೇ ಪ್ರಶ್ನೆ ಕೇಳಿದಳು. ಕ್ರೀಮು ಹಚ್ಚಿ ಒಂದು ಗಂಟೆ ಕಾಯಬೇಕು, ವಾರ್ಡ್ ತುಂಬಿರುವಾಗ ಯಾರು ಕಾಯ್ತಾರೆ? ತಾಯಿ ತಲೆ ತಿರುಗಿ ಬಿದ್ದರೆ ತಾಯಿಯನ್ನು ಹಿಡಿಯೋದಾ, ಮಗುವನ್ನಾ? ಪುರಾವೆ ಒಂದೊಂದಕ್ಕೂ ಗೊತ್ತಿದ್ದಷ್ಟು ಹೇಳಿದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ಕಾಗದದಲ್ಲಿರುವ ಮಕ್ಕಳು ಬೇರೆ ನಮ್ಮ ಮಕ್ಕಳು ಬೇರೆ, ಮಾಡಿ ನೋಡಿದರೇ ತಿಳಿಯೋದು ಎಂದಳು. ಅವನು ಪಕ್ಕದಲ್ಲಿ ಹತ್ತಿ ಸುತ್ತುತ್ತಾ ಕೇಳಿಸಿಕೊಳ್ಳುತ್ತಿದ್ದ. ಕೊನೆಗೆ ದೊಡ್ಡಕ್ಕ ತನ್ನ ಕನ್ನಡಕ ತೆಗೆದು ಒರೆಸುತ್ತಾ, ಯಾರನ್ನೂ ನೋಡದೆ ಕೇಳಿದ್ದಳು: "ಹಾಗಾದ್ರೆ ನಾವು ಇಷ್ಟು ವರ್ಷ ಮಾಡಿದ್ದೆಲ್ಲ ಏನು?" ಪುರಾವೆಯ ಹತ್ತಿರ ಅದಕ್ಕೆ ಕಾಗದ ಇರಲಿಲ್ಲ. ಕನ್ನಡಕ ಹಾಕಿಕೊಂಡು ದೊಡ್ಡಕ್ಕನೇ ಹೇಳಿದಳು. ಜಾಣಮರಿಗೆ ಒಂದು ಸಲ ಮಾಡಿ ನೋಡಿ. ಆಗಲಿಲ್ಲವೋ, ದುಪ್ಪಟಿ, ಆಮೇಲೆ ಈ ಮಾತು ನನ್ನ ವಾರ್ಡಿನಲ್ಲಿ ಮತ್ತೆ ಎತ್ತಬೇಡಿ.

ಆ ಒಂದು ಸಲ ಇವತ್ತು. ಅವನು ಹೋಗುವಷ್ಟರಲ್ಲಿ ಪುರಾವೆ ಹುಡುಗಿಯ ಎರಡೂ ಕೈಯ ಹಿಂಬದಿಗೆ ಕ್ರೀಮು ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ಕು ಅಂಟಿಸಿ ಆಗಿತ್ತು. ಎರಡೂ ಕೈ ಯಾಕೆ ಎಂದರೆ ಇರಲಿ ಎಂದಳು. ಹುಡುಗಿಯ ಅಮ್ಮ ಬಸ್ ಕಂಡಕ್ಟರು, ಡ್ಯೂಟಿಯಿಂದ ನೇರ ಬಂದಿದ್ದಳು, ಸಮವಸ್ತ್ರದ ಜೇಬಿನಲ್ಲಿ ಪೆನ್ನು ಇನ್ನೂ ಹಾಗೇ ಇತ್ತು. ತುಂಬಿದ ಬಸ್ಸನ್ನು ಒಂದು ಕೂಗಿಗೆ ನಿಲ್ಲಿಸುವವಳು ಈ ವಾರ್ಡಿನಲ್ಲಿ ಮಾತಾಡಿದರೆ ಪಕ್ಕದ ಮಂಚಕ್ಕೂ ಕೇಳುತ್ತಿರಲಿಲ್ಲ. ಆಸ್ಪತ್ರೆ ಎಲ್ಲರ ಗಂಟಲನ್ನೂ ಬಾಗಿಲಲ್ಲೇ ತೆಗೆದಿಟ್ಟುಕೊಳ್ಳುತ್ತದೆ. ನಾನು ಒಳಗೇ ಇರಬಹುದಾ ಎಂದು ಆಕೆ ಪುರಾವೆಯನ್ನು ಮೂರನೆಯ ಸಲ ಕೇಳಿದಳು. ಇರಬೇಕು, ನೀವೇ ಮುಖ್ಯ ಎಂದಾಗ ನಂಬಿಕೆ ಬಾರದೆ ಅವನ ಮುಖ ನೋಡಿದಳು, ಏಕೆಂದರೆ ಇಷ್ಟು ದಿನ ಭುಜ ಹಿಡಿದು ಆಕೆಯನ್ನು ಹೊರಗೆ ಬಿಟ್ಟು ಚಿಲಕ ಹಾಕುತ್ತಿದ್ದವನು ಅವನೇ. ಅವನು ನೆಲ ನೋಡಿದ. ಕ್ರೀಮು ಇಳಿಯಲೆಂದು ಕಾಯುತ್ತಾ ಕೂತ ಹೊತ್ತಿನಲ್ಲಿ ಆಕೆ ಪುರಾವೆಗೆ ಹೇಳಿದ್ದನ್ನು ಅವನು ಕೇಳಿಸಿಕೊಂಡ. ಮನೆಯಲ್ಲಿ ಈ ಹುಡುಗಿ ಯಾರನ್ನೂ ಸುಮ್ಮನೆ ಓಡಾಡಲು ಬಿಡುತ್ತಿರಲಿಲ್ಲವಂತೆ. ಅಡುಗೆಮನೆಯಿಂದ ನಡುಮನೆಗೆ ಬರಬೇಕಾದರೂ ಟಿಕೆಟ್ ತೆಗೆದುಕೊಳ್ಳಬೇಕು. ಅಜ್ಜಿ ನೀರಿನ ಕೊಡ ಹೊತ್ತು ಬರುತ್ತಿದ್ದರೆ ಅಡ್ಡ ನಿಂತು "ಹೋಲ್ಡಾನ್" ಎನ್ನುವಳಂತೆ, ಅಜ್ಜಿ ನಿಲ್ಲಬೇಕು, ಇವಳು "ರೈಟ್" ಎಂದ ಮೇಲೇ ಹೊರಡಬೇಕು. ಹೇಳುತ್ತಾ ಆಕೆಯ ಮುಖದ ಮೇಲೆ ನಗು ಬಂದು, ಮಗಳ ಕಡೆ ತಿರುಗಿದೊಡನೆ ಅಲ್ಲಿಯೇ ನಿಂತುಬಿಟ್ಟಿತು. ಹುಡುಗಿ ಕಿಟಕಿಯಾಚೆ ಏನನ್ನೂ ನೋಡದೆ ನೋಡುತ್ತಿದ್ದಳು.

ಚುಚ್ಚುವ ಕೋಣೆಯಲ್ಲಿ ಮೇಜನ್ನು ಗೋಡೆಗೆ ಸರಿಸಿ ಒಂದು ಕುರ್ಚಿ ಹಾಕಿದ್ದರು. ಅಮ್ಮ ಕುರ್ಚಿಯ ಮೇಲೆ, ಹುಡುಗಿ ಅಮ್ಮನ ತೊಡೆಯ ಮೇಲೆ ಎದೆಗೆ ಎದೆ ಕೊಟ್ಟು, ಕಾಲು ಎರಡೂ ಕಡೆ ಇಳಿಬಿಟ್ಟು. ಒಂದು ಕೈ ಅಮ್ಮನ ಕಂಕುಳ ಕೆಳಗಿನಿಂದ ಬೆನ್ನ ಹಿಂದಕ್ಕೆ ಬಂದು ದಿಂಬಿನ ಮೇಲೆ ಮಲಗಿತ್ತು. ಅಲ್ಲಿ ಪುರಾವೆ ಗಿಡ್ಡ ಸ್ಟೂಲಿನಲ್ಲಿ ಕೂತಿದ್ದಳು. ದೊಡ್ಡಕ್ಕ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಇವತ್ತು ನಿಮ್ಮ ಕೆಲಸ ಪ್ಲಾಸ್ಟರ್ ಕೊಡೋದು ಅಷ್ಟೇ ಎಂದು ಪುರಾವೆ ಅವನಿಗೆ ಹೇಳಿದ್ದಳು. ಪ್ಲಾಸ್ಟರ್ ಕತ್ತರಿಸಿ ಟ್ರೇಯ ಅಂಚಿಗೆ ಸಾಲಾಗಿ ಅಂಟಿಸಿಕೊಂಡು ಅವನು ಅವಳ ಪಕ್ಕ ಮಂಡಿಯೂರಿ ಕೂತ. ಬೇರೆಯೇ ಕೋಣೆಗೆ ಬಂದ ಹಾಗಿತ್ತು. ಇಷ್ಟು ವರ್ಷ ಇಲ್ಲಿ ಅವನು ನೋಡಿದ್ದು ಮಲಗಿದ ಮುಖಗಳನ್ನು, ಮೇಲಿನಿಂದ. ಈಗ ಹುಡುಗಿಯ ಮುಖ ಅಮ್ಮನ ಭುಜದ ಮೇಲೆ, ಅವನ ಮುಖಕ್ಕಿಂತ ಎತ್ತರದಲ್ಲಿತ್ತು. ನೀನು ಹೇಳಿದಾಗಲೇ ಚುಚ್ಚೋದು, ಆಯ್ತಾ ಪುಟ್ಟಿ ಎಂದಳು ಪುರಾವೆ. ಹುಡುಗಿ ಹೇಳಲಿಲ್ಲ. ಕಾದರು. ಆಮೇಲೆ ಅಮ್ಮನೇ ಹೂಂ ಎಂದಳು. ಪುರಾವೆ ಬಾಗಿದಳು. ಅಮ್ಮನ ಬೆನ್ನ ಹಿಂದೆ ಏನೋ ನಡೆಯುತ್ತಿದೆಯೆಂದು ಹುಡುಗಿಗೆ ತಿಳಿದಿರಬೇಕು, ಅವಳ ಒಂದು ಪಾದ, ಒಳ್ಳೆಯ ಕಾಲಿನದು, ಸ್ವಲ್ಪ ಅಲುಗಿತು. ಬರೀ ಅಲುಗಾಟ. ಕೂತಲ್ಲಿ ಯಾರ ಕಾಲಾದರೂ ಅಲುಗುತ್ತದೆ. ಅವನ ಕೈ ಹೊರಟದ್ದು ಅವನಿಗೆ ಕಾಣಲಿಲ್ಲ. ತಲುಪಿದ್ದು ಮಾತ್ರ ಕಂಡಿತು. ಹೆಬ್ಬೆರಳು ತೋರುಬೆರಳಿನ ಬಳೆ ಆ ಕಾಲಿನ ಗಂಟಿನ ಸುತ್ತ ಕೂತು ಬಿಗಿದಿತ್ತು. ಹುಡುಗಿ ಕೂಗಲಿಲ್ಲ. ಅಮ್ಮನ ಭುಜದ ಮೇಲಿಂದ ಒಂದು ಸಲ ಅವನನ್ನು ನೋಡಿದಳು, ಆಮೇಲೆ ಕಣ್ಣು ಚಾವಣಿಗೆ ಹೋಯಿತು, ಮೈಯೆಲ್ಲ ಒದ್ದೆ ಬಟ್ಟೆಯಂತೆ ಅಮ್ಮನ ಮೇಲೆ ಜಾರಿತು. ದಿಂಬಿನ ಮೇಲಿದ್ದ ಕೈಯೂ ಜಾರಿತು. ಸೂಜಿ ನರವನ್ನು ದಾಟಿಹೋಯಿತು. ಚರ್ಮದ ಕೆಳಗೆ ನೀಲಿ ಗುಳ್ಳೆ ಎದ್ದಿತು.

ಅಯ್ಯೋ ಎಂದಳು ಪುರಾವೆ, ಮೆಲ್ಲಗೆ. ದೊಡ್ಡಕ್ಕನ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ, ದಣಿವಿತ್ತು. ಆಯ್ತಲ್ಲ, ದುಪ್ಪಟಿ ತಗೊಂಡು ಬಾ ಎಂದಳು ಅವನಿಗೆ. ಅವನು ಎದ್ದು ಕಪಾಟಿನ ಹತ್ತಿರ ಹೋದ. ಒಗೆದು ಒಗೆದು ತೆಳುವಾದ ದುಪ್ಪಟಿಗಳು ಒಂದರ ಮೇಲೊಂದು ಮಡಿಸಿ ಇದ್ದವು, ಮಡಿಸಿದ್ದು ಅವನೇ. ಮೇಲಿನದನ್ನು ಎತ್ತಿದ ಕೂಡಲೇ ಕೈಗೆ ಅದರ ಗುರುತು ಸಿಕ್ಕಿ, ಯಾವ ಮೂಲೆ ಮೇಲೆ ಬರಬೇಕು, ಯಾವುದು ಒಳಗೆ ಹೋಗಬೇಕು ಎಂದು ಬೆರಳುಗಳು ತಾವಾಗಿಯೇ ಶುರುಮಾಡಿದವು. ಯಾರೂ ನೋಡಿಲ್ಲ ಎಂದು ಅವನಿಗೆ ಆಗ ಹೊಳೆಯಿತು. ಪುರಾವೆ ಸೂಜಿಯ ಮೇಲೆ ಬಾಗಿದ್ದಳು, ದೊಡ್ಡಕ್ಕನಿಗೆ ಕುರ್ಚಿ ಅಡ್ಡ ಇತ್ತು, ಅಮ್ಮ ಕಣ್ಣು ಮುಚ್ಚಿದ್ದಳು. ನೋಡಿದವಳು ಹುಡುಗಿ ಒಬ್ಬಳೇ, ಅವಳು ಮಾತಾಡುವುದಿಲ್ಲ. ಸುಮ್ಮನಿದ್ದರೆ ಸಾಕು. ಇನ್ನೊಂದು ಗಳಿಗೆಗೆ ಮೇಜು ಮೊದಲಿದ್ದಲ್ಲಿಗೆ ಬರುತ್ತದೆ, ಅಮ್ಮ ಹೊರಗೆ ಹೋಗುತ್ತಾಳೆ, ಅವನು ಮತ್ತೆ ಬೇಕಾದವನಾಗುತ್ತಾನೆ. ಮುಂದಿನ ಗುರುವಾರ ಹಪ್ಪಳ ಮುರಿಯುತ್ತಾ ಯಾರಾದರೂ ಪುರಾವೆಯನ್ನು ಕೆಣಕುತ್ತಾರೆ, ನಿನ್ನ ಕಾಗದ ಏನಾಯ್ತಮ್ಮಾ ಎಂದು. ಅವನೂ ನಗಬಹುದು. ಆ ತಾಯಿಯ ಜೊತೆ ನಕ್ಕ ಹಾಗೆ. ಯಾರ ಮೇಲೆಂದು ತಿಳಿಯದ ಸಿಟ್ಟು ಬಂತು. ಈ ಕೈಗೆ ಇದನ್ನು ಕಲಿಸಿ ಶಾಭಾಸ್ ಎಂದವರ ಮೇಲೆ, ಕಲಿತ ತನ್ನ ಮೇಲೆ, ಇಷ್ಟು ತಡವಾಗಿ ಬಂದ ಆ ಕಾಗದದ ಮೇಲೆ. ಬೆಳಿಗ್ಗೆ ಕೂಸು ನೋಡಿದ್ದೂ ಹೀಗೇ. ಮೊದಲು ಮುಖ, ಆಮೇಲೆ ಚಾವಣಿ. ಚಾವಣಿಯಲ್ಲಿ ಏನಿದೆ ಎಂದು ಅವನು ತಲೆಯೆತ್ತಿದ. ಏನೂ ಇರಲಿಲ್ಲ. ಸುಣ್ಣ, ಒಂದು ಟ್ಯೂಬ್‌ಲೈಟು, ಅದರೊಳಗೆ ಸತ್ತ ಹುಳುಗಳು.

"ಅಕ್ಕ, ಸೂಜಿ ತಪ್ಪಿದ್ದು ಅವಳಿಂದಲ್ಲ. ನಾನು ಕಾಲು ಹಿಡಿದೆ" ಎಂದ. ಅವನ ದನಿ ಕೋಣೆಗೆ ಜಾಸ್ತಿಯಾಗಿತ್ತು.

ದೊಡ್ಡಕ್ಕ ಅರ್ಥವಾಗದೆ ನೋಡಿದಳು. "ಹಿಡಿದ್ರೇನಾಯ್ತು? ನಿನ್ನ ಕೆಲಸವೇ ಅದಲ್ವೇನೋ?"

"ಹಿಡೀಬಾರದು ಅಂತಲೇ ಅಲ್ವಾ ಇದನ್ನ ಮಾಡಿದ್ದು? ಹಾಗಾದ್ರೆ ಹೊಸದು ಇನ್ನೂ ಮಾಡೇ ಇಲ್ಲ. ಹಳೇದನ್ನೇ ಕುರ್ಚಿ ಮೇಲೆ ಮಾಡಿದ್ವಿ ಅಷ್ಟೆ." ಕೈಯಲ್ಲಿ ದುಪ್ಪಟಿ ಇನ್ನೂ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹೆಗಲ ಮೇಲೆ ಹಾಕಿಕೊಂಡ. "ಇನ್ನೊಂದು ಕೈಗೂ ಕ್ರೀಮು ಹಚ್ಚಿದೆ. ನಾನು ಹೊರಗೆ ಹೋಗ್ತೀನಿ. ನಾನಿಲ್ಲದೆ ಒಂದು ಸಲ ನೋಡಿ."

ಹುಡುಗಿಯ ಅಮ್ಮ ಮಗಳ ಕಾಲಿನ ಗಂಟನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡಳು, ಅವನನ್ನು ನೋಡಲಿಲ್ಲ. ಹಾಗೆ ನೋಡದಿರುವುದು ಬೈಗುಳಕ್ಕಿಂತ ಭಾರವಾಗಿತ್ತು, ಅದನ್ನು ಹೊತ್ತುಕೊಂಡೇ ನಿಂತ. ದೊಡ್ಡಕ್ಕ ಹುಡುಗಿಯ ಊದಿದ ಕೈ ನೋಡಿದಳು, ಇನ್ನೊಂದು ಕೈ ನೋಡಿದಳು, ತನ್ನ ಮಂಡಿಗಳನ್ನು ನೋಡಿಕೊಂಡಳು. ಆಮೇಲೆ ಪುರಾವೆಯ ಕಡೆಗೆ ಕೈ ಚಾಚಿ, "ಏಳು, ನಾನು ಕೂತ್ಕೋತೀನಿ" ಎಂದಳು. ಗಿಡ್ಡ ಸ್ಟೂಲಿನ ಮೇಲೆ ಉಸ್ಸೆಂದು ಕೂರುತ್ತಾ ಅಮ್ಮನ ಬೆನ್ನಿಗೆ ಹೇಳಿದಳು: "ನೋಡಮ್ಮ, ನಿನ್ನ ಮಗಳು ಕಂಡಕ್ಟರಂತಲ್ಲ, ಇವತ್ತು ನಾನೇ ಡ್ರೈವರ್. ಅವಳು ರೈಟ್ ಅನ್ನೋ ತನಕ ಗಾಡಿ ಹೊರಡೋದಿಲ್ಲ. ಹೇಳು ಅವಳಿಗೆ." ಆ ಕಥೆ ದೊಡ್ಡಕ್ಕನ ಕಿವಿಗೂ ಬಿದ್ದಿತ್ತೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವನು ಹೊರಗೆ ಬಂದು ಬಾಗಿಲೆಳೆದುಕೊಂಡ. ಚಿಲಕ ಹಾಕುವ ಸದ್ದು ಬರಲಿಲ್ಲ.

ಈ ಬಾಗಿಲಿನ ಈಚೆ ಅವನು ಯಾವತ್ತೂ ನಿಂತಿರಲಿಲ್ಲ. ಎಷ್ಟೋ ಸಾವಿರ ಸಲ ಹೊಕ್ಕು ಹೊರಟ ಬಾಗಿಲು, ಈಚೆ ನಿಂತರೆ ಬೇರೆ ಬಾಗಿಲು. ಚೌಕಟ್ಟಿನ ಪಕ್ಕ ಗೋಡೆಯ ಹಸಿರು ಬಣ್ಣ ಭುಜದ ಎತ್ತರದಲ್ಲಿ ಸವೆದು ಜಿಡ್ಡು ಹಿಡಿದಿತ್ತು, ಅದಕ್ಕೂ ಮೇಲೆ ಹಣೆಯ ಎತ್ತರಕ್ಕೆ ಇನ್ನೊಂದು ಕಲೆ, ಕೆಳಗೆ ಸೊಂಟದ ಹತ್ತಿರ ಯಾರೋ ಕೆರೆದು ಕೆರೆದು ಬಣ್ಣ ಎದ್ದು ಒಳಗಿನ ಗಾರೆ ಕಾಣುತ್ತಿತ್ತು. ಯಾರೋ ಅಲ್ಲ, ಒಬ್ಬರಲ್ಲ. ಒರಗಿದವರು, ಹಣೆ ಆನಿಸಿದವರು, ಒಳಗಿನ ಕೂಗು ಕೇಳುತ್ತಾ ಉಗುರಿನಲ್ಲಿ ಗೋಡೆ ಕೆರೆದವರು. ಹೋದ ವರ್ಷ ಪೇಂಟರು ಬಂದಾಗ, ಇಲ್ಲಿ ಎಷ್ಟು ಬಳಿದರೂ ನಿಲ್ಲೋದಿಲ್ಲ ಸಾರ್, ತೇವ ಇರಬೇಕು ಎಂದಿದ್ದ. ಹೌದು ತೇವ ಇರಬೇಕು ಎಂದು ಇವನೂ ತಲೆಯಾಡಿಸಿದ್ದ. ಒಳಗೆ ಸದ್ದಿರಲಿಲ್ಲ. ಅವನಿಗೆ ಭಯವಾದದ್ದು ಅದಕ್ಕೇ. ಆ ನಿಶ್ಶಬ್ದವನ್ನು ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಮಲಗಿಸಿಬಿಟ್ಟರೇನೋ. ಅವಳೇ ಮಲಗಿಬಿಟ್ಟಳೇನೋ. ಕೈ ಏನನ್ನಾದರೂ ಹಿಡಿಯಬೇಕೆಂದು ತವಕಿಸಿತು. ಒಂದನ್ನು ಜೇಬಿಗೆ ತುರುಕಿದ, ಅಲ್ಲಿ ನೇಲ್‌ಕಟರು ಸಿಕ್ಕಿತು. ಇನ್ನೊಂದು ಎಲ್ಲಿದೆಯೆಂದು ನೋಡಿದರೆ ಗೋಡೆಯ ಮೇಲಿತ್ತು, ಸೊಂಟದ ಎತ್ತರದಲ್ಲಿ, ಹೆಬ್ಬೆರಳ ಉಗುರು ಎದ್ದ ಬಣ್ಣದ ಅಂಚನ್ನು ಕೆರೆಯುತ್ತಿತ್ತು.

ಆಗ ಒಳಗಿನಿಂದ ಕೇಳಿತು. ತೆಳ್ಳಗೆ, ಬಹಳ ದಿನ ಬಳಸದ ಗಂಟಲಿನಿಂದ, ಒಡೆದ ದನಿಯಲ್ಲಿ.

"ಹೋಲ್ಡಾನ್!"

ಅವನು ಕೆರೆಯುವುದನ್ನು ನಿಲ್ಲಿಸಿದ. ಒಳಗೂ ಎಲ್ಲ ನಿಂತಿತ್ತು. ಆ ಕೋಣೆಯಲ್ಲಿ ಮಕ್ಕಳು ಬೇಡ ಎಂದಿದ್ದವು, ಸಾಕು ಎಂದಿದ್ದವು, ಅಮ್ಮಾ ಎಂದಿದ್ದವು, ಅಣ್ಣ ಕಾಲಿಗೆ ಬೀಳ್ತೀನಿ ಎಂದೂ ಒಂದು ಮಗು ಹೇಳಿತ್ತು. ಯಾವ ಮಾತಿಗೂ ಅಲ್ಲಿ ಏನೂ ನಿಂತದ್ದನ್ನು ಅವನು ಕಂಡಿರಲಿಲ್ಲ. ಈಗ ದೊಡ್ಡಕ್ಕ, ಆ ನೋಯುವ ಮಂಡಿಗಳನ್ನು ಮಡಿಸಿಕೊಂಡು, ಹೊರಗೆ ಇಡೀ ವಾರ್ಡನ್ನು ಕಾಯಿಸಿ, ಕೈಯಲ್ಲಿ ಸೂಜಿ ಹಿಡಿದು ನಿಂತ ಗಾಡಿಯಲ್ಲಿ ಕೂತಿದ್ದಾಳೆ. ಅಮ್ಮ ಏನೋ ಪಿಸುಗುಟ್ಟಿದಳು. ಹುಡುಗಿ ಏನೋ ಕೇಳಿದಳು, ದೊಡ್ಡಕ್ಕ ಉತ್ತರ ಕೊಟ್ಟಳು, ಉತ್ತರ ಸರಿಹೋಗಲಿಲ್ಲವೇನೋ, ಮತ್ತೆ ಕೇಳಿದಳು. ಬಾಗಿಲಿಗೆ ಕಿವಿ ಹಚ್ಚಬೇಕೆನಿಸಿದರೂ ಅವನು ಹಚ್ಚಲಿಲ್ಲ. ಗೋಡೆಗೆ ಭುಜ ಕೊಟ್ಟ. ಆ ಸವೆದ ಜಾಗ ಅವನ ಭುಜಕ್ಕೂ ಸರಿಯಾಗಿತ್ತು.

"ರೈಟ್" ಎಂದಿತು ಒಳಗಿನ ದನಿ. ಅದರ ಹಿಂದೆಯೇ ಅಳು. ಬೆಚ್ಚಿಬಿದ್ದ ಅಳುವಲ್ಲ, ಕೈಬಿಟ್ಟವರ ಅಳುವೂ ಅಲ್ಲ. ಮೊದಲ ದಿನ ಟ್ರೇ ಹಾರಿಸಿದವಳ ಸಿಟ್ಟಿನ ಅಳು, ಯಾರೋ ಕೇಳಿಸಿಕೊಳ್ಳುತ್ತಿದ್ದಾರೆಂದು ಗೊತ್ತಿದ್ದವರು ಮಾತ್ರ ಅಳುವ ಅಳು. ಗಟ್ಟಿಯಾಗಿ ಬಂತು, ನಡುವೆ ನಿಂತು ದೊಡ್ಡಕ್ಕನನ್ನು ಏನೋ ಬೈದು, ಮತ್ತೆ ಒಂದೆರಡು ಬಿಕ್ಕಿ, ಮುಗಿಯಿತು. ಇಷ್ಟೇನಾ ಎನ್ನುವಷ್ಟು ಬೇಗ ಮುಗಿಯಿತು. ಪುರಾವೆ ಪ್ಲಾಸ್ಟರ್ ಎಳೆಯುವ ಸದ್ದು ಕೇಳಿತು. ಅವನು ದುಪ್ಪಟಿಯ ತುದಿಯಿಂದ ಕಣ್ಣೊರೆಸಿಕೊಂಡ, ನಾಚಿಕೆಯೂ ಆಯಿತು, ಒಂದು ಹುಡುಗಿ ಅತ್ತದ್ದಕ್ಕೆ ಇಷ್ಟು ಸಂತೋಷಪಡುವ ಮನುಷ್ಯ ಎಂಥವನು ಎಂದು.

ಮೊದಲು ದೊಡ್ಡಕ್ಕ ಬಂದಳು, ಸೊಂಟ ಹಿಡಿದುಕೊಂಡು. ಅವನ ಹೆಗಲ ಮೇಲಿನ ದುಪ್ಪಟಿಯನ್ನು ನೋಡಿ ಅದನ್ನೇಕೆ ಹೊದ್ದುಕೊಂಡು ನಿಂತಿದ್ದೀಯೋ, ಚಳಿಯಾ ಎಂದಳು. ಸಿಂಕಿನಲ್ಲಿ ಕೈ ತೊಳೆಯುತ್ತಾ, ತನಗೇ ಹೇಳಿಕೊಳ್ಳುವಂತೆ, ಆ ಸ್ಟೂಲು ಬಹಳ ಗಿಡ್ಡ ಎಂದು ಗೊಣಗಿದಳು. ಸ್ಟೋರಿನವನಿಗೆ ಹೇಳಿ ಎತ್ತರದ್ದೊಂದು ತರಿಸು, ನಾಳೆ ಬಾಗಿಲ ಪಕ್ಕದ ಮಂಚದ ಮಗುವಿಗೂ ಹಾಕಬೇಕು, ಬೆಳಿಗ್ಗೆ ಬಂದ ಕೂಡಲೇ ಕ್ರೀಮು ಹಚ್ಚೋದು ನಿನ್ನ ಕೆಲಸ. ಅವನು ತಲೆಯಾಡಿಸಿದ. ಸ್ವಲ್ಪ ದೂರ ಹೋದವಳು ತಿರುಗಿ ನಿಂತಳು. ಅವನ ಪಕ್ಕದ ಗೋಡೆಯ ಕಲೆಗಳನ್ನು ಮೇಲಿನಿಂದ ಕೆಳಗಿನವರೆಗೆ ಮೊದಲ ಸಲವೆಂಬಂತೆ ನೋಡಿ ಹೋದಳು. ಇಷ್ಟು ವರ್ಷ ಮಾಡಿದ್ದೆಲ್ಲ ಏನು ಎಂಬ ಆ ಪ್ರಶ್ನೆ ಇಬ್ಬರ ಜೊತೆಗೂ ಮನೆಗೆ ಬರುತ್ತದೆ, ಬರಲಿ. ಮನೆಯಲ್ಲಿ ಬಲಗೈಯ ಐದು ಉಗುರು ಬಾಕಿ ಇವೆ. ಅವಸರವೇನಿಲ್ಲ. ಕೂಸು ಬಂದು ತಾನಾಗಿ ಕೈ ಚಾಚಿದ ದಿನ ಒಂದು, ಮನಸ್ಸಾದರೆ ಇನ್ನೊಂದು.

ಆಮೇಲೆ ಹುಡುಗಿ ಬಂದಳು, ಅಮ್ಮನ ಸೊಂಟದ ಮೇಲೆ, ಪಟ್ಟಿ ಕಟ್ಟಿದ ಕೈಯನ್ನು ಎಲ್ಲರಿಗೂ ಕಾಣುವಂತೆ ಮುಂದೆ ಹಿಡಿದು. ಕೆನ್ನೆ ಇನ್ನೂ ಒದ್ದೆ. ಅವನು ಗೋಡೆಗೆ ಒತ್ತಿ ನಿಂತು ಅವರಿಗೆ ದಾರಿ ಬಿಟ್ಟ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅಮ್ಮ ದಾಟಿಹೋಗುತ್ತಿದ್ದಳು; ಹುಡುಗಿ ಅಮ್ಮನ ಭುಜ ತಟ್ಟಿ ನಿಲ್ಲಿಸಿದಳು. ಅವನನ್ನು ನೋಡಿದಳು, ಚಾವಣಿಯನ್ನಲ್ಲ, ಅವನನ್ನೇ, ಹುಬ್ಬು ಗಂಟಿಕ್ಕಿ. ಇಷ್ಟು ದಿನ ಹೊರಗೆ ನಿಂತವಳು ಅಮ್ಮ, ಬಾಗಿಲು ತೆರೆದಾಗಲೆಲ್ಲ ಅಮ್ಮನ ಕಣ್ಣು ಕೆಂಪಾಗಿರುತ್ತಿತ್ತು. ಹೊರಗೆ ನಿಂತವರು ಏನು ಮಾಡುತ್ತಾರೆಂದು ಅವಳಿಗೆ ಗೊತ್ತಿತ್ತು.

"ನೀವು ಹೊರಗೆ ನಿಂತ್ಕೊಂಡು ಅತ್ರಾ?"

ಹೆಬ್ಬೆರಳ ಉಗುರಿನ ಸಂದಿಯಲ್ಲಿ ಸಿಕ್ಕಿದ ಹಸಿರು ಬಣ್ಣ ಬೆನ್ನ ಹಿಂದೆ ಚುಚ್ಚುತ್ತಿತ್ತು. "ಸ್ವಲ್ಪ" ಎಂದ.

ಅವಳು ಅದನ್ನು ಯೋಚಿಸಿದಳು. ಅವನ ಟಿಕೆಟ್ಟು ಸರಿಯಾಗಿದೆಯೇ ಇಲ್ಲವೇ ಎಂದು ಎರಡೂ ಕಡೆ ತಿರುಗಿಸಿ ನೋಡುವಂತೆ ಯೋಚಿಸಿದಳು. ಆಮೇಲೆ ಪಟ್ಟಿ ಕಟ್ಟಿದ ಕೈಯಿಂದ ಕಾರಿಡಾರಿನ ಉದ್ದಕ್ಕೆ ತೋರಿಸಿ, ಅಮ್ಮನ ದನಿಯಲ್ಲೇ, ಕೊನೆಯ ಮಂಚದ ತನಕ ಕೇಳುವಂತೆ ಹೇಳಿದಳು:

"ಬಾಗಿಲ ಹತ್ರ ನಿಲ್ಬೇಡಿ. ಮುಂದೆ ಹೋಗಿ."

ಅವನು ಮುಂದೆ ಹೋದ.